ಹಿಂದಿನಿಂದ ಕರೆದವರು

ಅವರ ಎರಡೂ ಪಾದಗಳ ಎರಡನೆಯ ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ನುಣುಪಾದ, ಬಿಳಿಚಿದ ಚರ್ಮವಿತ್ತು. ಅದೇ ಬೆರಳುಗಳಿಗೆ ಬೆಳ್ಳಿಯ ಕಾಲುಂಗುರ. ಹೊಲಿಗೆ ಮೆಷಿನ್ನಿನ ಪೆಡಲ್ ತುಳಿಯುವಾಗ ಆ ಉಂಗುರಗಳು ಕಬ್ಬಿಣಕ್ಕೆ ತಾಗಿ ಟಿಕ್ ಟಿಕ್ ಎನ್ನುತ್ತಿದ್ದವು. ಅವರ ಮೆಷಿನ್ನಿನ ಪಕ್ಕ ನೆಲದ ಮೇಲೆ ಕೂತು ಲೆಕ್ಕ ಮಾಡುತ್ತಾ ಬೆಳೆದವನು ನಾನು. ಹೀಗಾಗಿ ಇಂದಿಗೂ ಅವರನ್ನು ನೆನೆದರೆ ಮೊದಲು ಬರುವುದು ಮುಖವಲ್ಲ, ಆ ಕಾಲುಗಳು.

ನಾವು ಅವರನ್ನು ಔಟ್‌ಹೌಸ್ ಅತ್ತೆ ಎನ್ನುತ್ತಿದ್ದೆವು. ನಮಗೂ ಅವರಿಗೂ ನೆಂಟಸ್ತಿಕೆಯೇನೂ ಇರಲಿಲ್ಲ. ಐವತ್ತರ ದಶಕದಲ್ಲಿ ಅಪ್ಪ ಜಯನಗರದಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದಾಗ ಬಸವನಗುಡಿಯ ನಮ್ಮ ಬಂಧುಗಳೆಲ್ಲ ಇವರು ಕಾಡಿಗೆ ಹೊರಟರು ಎಂದು ನಕ್ಕಿದ್ದರು. ಅದು ಪೂರ್ತಿ ಸುಳ್ಳೇನಲ್ಲ. ನಮ್ಮ ಬೀದಿಯಲ್ಲಿ ಇದ್ದದ್ದು ಏಳು ಮನೆ. ಮಿಕ್ಕಿದ್ದು ಸೈಟಿನ ಕಲ್ಲು, ಲಂಟಾನ ಪೊದೆ, ಅದರಾಚೆ ರಾಗಿ ಹೊಲ. ಮನೆಯ ಹಿಂದೆ ಒಂದು ರೂಮು, ಒಂದು ಅಡುಗೆಮನೆಯ ಔಟ್‌ಹೌಸ್ ಕಟ್ಟಿಸಿ ಬಾಡಿಗೆಗೆ ಬಿಟ್ಟರು. ಅದಕ್ಕೆ ಬಂದವರು ಇವರು. ಒಂಟಿ ಹೆಂಗಸು, ಜಟಕಾದಲ್ಲಿ ಒಂದು ಹೊಲಿಗೆ ಮೆಷಿನ್, ಆರೇಳು ಬಟ್ಟೆಯ ಚೀಲ. ಟ್ರಂಕು ಇಲ್ಲ, ಪೆಟ್ಟಿಗೆ ಇಲ್ಲ. ಅವರ ಸೀರೆ, ಅಕ್ಕಿ, ಬೇಳೆ ಎಲ್ಲವೂ ಗೋಡೆಯ ಮೊಳೆಗಳಿಗೆ ನೇತುಹಾಕಿದ ಚೀಲಗಳಲ್ಲೇ ಇರುತ್ತಿದ್ದವು. ಒಂದು ಹಳೇ ಟ್ರಂಕು ಕೊಡ್ತೀನಿ ಇಟ್ಕೊಳ್ಳಿ ಎಂದು ಅಮ್ಮ ಹೇಳಿದ್ದಕ್ಕೆ, "ಬೇಡ ಕಣ್ರೀ. ಟ್ರಂಕು ಮನುಷ್ಯನ್ನ ಹಿಡ್ಕೊಂಡ್‌ಬಿಡುತ್ತೆ," ಎಂದಿದ್ದರಂತೆ.

ಅವರ ಕಥೆಯ ಹೊರಮೈ ಬೀದಿಗೆಲ್ಲ ಗೊತ್ತಿತ್ತು. ಗಂಡ ಬರ್ಮಾದ ರಂಗೂನಿನಲ್ಲಿ ಮರದ ಕಂಪನಿಯೊಂದರ ಗುಮಾಸ್ತರು. ಯುದ್ಧ ಬಂದು ಊರಿನ ಮೇಲೆ ಬಾಂಬು ಬಿದ್ದಾಗ ಗಂಡಹೆಂಡತಿ ಸಾವಿರಾರು ಜನರ ಜೊತೆ ಕಾಡು ಬೆಟ್ಟ ಹತ್ತಿ ಭಾರತದ ಕಡೆ ನಡೆದು ಹೊರಟರು. ಇವರು ಬಂದರು, ಅವರು ಬರಲಿಲ್ಲ. ಕಾಗದ ಬರಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ಆದ್ದರಿಂದ ಅತ್ತೆ ಕುಂಕುಮ ಇಡುತ್ತಿದ್ದರು, ಕಾಲುಂಗುರ ಹಾಕುತ್ತಿದ್ದರು. ಇದು ಬೀದಿಯ ಹೆಂಗಸರಿಗೆ ದೊಡ್ಡ ತಲೆನೋವು. ನವರಾತ್ರಿಯಲ್ಲಿ ಇವರನ್ನು ಅರಿಶಿನ ಕುಂಕುಮಕ್ಕೆ ಕರೆಯಬೇಕೋ, ಬಿಡಬೇಕೋ? ಅಮ್ಮ ತನ್ನದೇ ದಾರಿ ಕಂಡುಕೊಂಡಿದ್ದಳು. ಒಳಗೆ ಕರೆಯುತ್ತಿರಲಿಲ್ಲ, ಕಡಲೆ ಉಸಲಿಯನ್ನು ಮಾತ್ರ ನನ್ನ ಕೈಯಲ್ಲಿ ಹಿತ್ತಿಲ ಬಾಗಿಲಿನಿಂದ ಕಳಿಸುತ್ತಿದ್ದಳು. ಅತ್ತೆ ಯಾವ ಮುನಿಸೂ ಇಲ್ಲದೆ ತೆಗೆದುಕೊಂಡು, "ಉಪ್ಪು ಒಂಚೂರು ಮುಂದಾಗಿದೆ ಅಂತ ಹೇಳು," ಎನ್ನುತ್ತಿದ್ದರು. ನಾನು ಹೇಳುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ದೂರು ಇನ್ನೊಂದಿತ್ತು. ಹೊರಟವರನ್ನು ಹಿಂದಿನಿಂದ ಕರೆಯಬಾರದು ಎನ್ನುವುದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಪರೀಕ್ಷೆಗೆ ಹೊರಟವರನ್ನಂತೂ ಕರೆಯಲೇಬಾರದು. ಏನಾದರೂ ಮರೆತಿದ್ದರೆ ಓಡಿಹೋಗಿ ಮುಂದೆ ನಿಂತು ಕೊಡಬೇಕು. ಅತ್ತೆ ಮಾತ್ರ ಕರೆಯುತ್ತಿದ್ದರು. ಕಾಂಪೌಂಡಿನ ಪಕ್ಕ ನಿಂತು, ಆಫೀಸಿಗೆ ಹೊರಟವರನ್ನು, ಇಸ್ಕೂಲಿಗೆ ಹೊರಟ ನಮ್ಮನ್ನು, ಒಮ್ಮೆ ಹೆಣ್ಣು ನೋಡಲು ಹೊರಟಿದ್ದ ಎದುರುಮನೆಯ ಮೇಷ್ಟ್ರ ಮಗನನ್ನೂ "ಏಯ್, ನಿಲ್ಲಿ," ಎಂದು ಕರೆದಿದ್ದರು. ತಿರುಗಿ ಏನು ಎಂದು ಕೇಳಿದರೆ, "ಏನಿಲ್ಲ, ಹೋಗಿ ಬನ್ನಿ," ಎನ್ನುವರು. ಆ ಸಂಬಂಧ ಕೂಡಿಬರಲಿಲ್ಲ. ಮೇಷ್ಟ್ರ ಹೆಂಡತಿ ನಮ್ಮನೆಗೆ ಬಂದು, "ಔಟ್‌ಹೌಸ್ ಖಾಲಿ ಮಾಡ್ಸಿ," ಎಂದು ಅರ್ಧ ಗಂಟೆ ಜಗಳವಾಡಿದರು. ನಾನು ಗಮನಿಸಿದ್ದ ಒಂದು ವಿಚಿತ್ರವೆಂದರೆ, ಕರೆದಾಗ ಯಾರಾದರೂ ತಿರುಗದೆ ಹೋದರೆ ಅತ್ತೆಯ ಮುಖ ಹಗುರಾಗುತ್ತಿತ್ತು. ತಿರುಗಿದರೆ ಮಂಕಾಗುತ್ತಿತ್ತು. ಮರ್ಯಾದೆ ಕೊಟ್ಟವರ ಮೇಲೆ ಇದೆಂಥ ಬೇಸರ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ಬೀದಿಯ ಮಕ್ಕಳಾದ ನಮ್ಮನ್ನು ನಡೆಸಿ ನಡೆಸಿ ಬೆಳೆಸಿದವರು ಅವರೇ. ಶುಕ್ರವಾರ ಬನಶಂಕರಿ ಗುಡಿಗೆ ಹೊಲಗಳ ನಡುವೆ ನಡೆಸಿಕೊಂಡು ಹೋಗುತ್ತಿದ್ದರು. ಒಂದು ವಾರ ಹೋದ ದಾರಿಯಲ್ಲಿ ಮುಂದಿನ ವಾರ ಹೋಗುವಂತಿಲ್ಲ. ಕವಲು ಬಂದಾಗ, "ಯಾವ ಕಡೆ?" ಎಂದು ನಮ್ಮನ್ನೇ ಕೇಳುವರು. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದರೆ ತಲೆಗೆ ಮೊಟಕು. "ನೆಲ ನೋಡು. ಸಗಣಿ ಹಸಿ ಇದೆಯಾ? ಎದುರುಗಡೆಯಿಂದ ಬರೋರ ಕಾಲು ನೋಡು. ಕೆಸರು ಮೊಣಕಾಲ ತನಕ ಇದ್ರೆ ಆ ಕಡೆ ಹಳ್ಳ ಇದೆ. ಯಾರೂ ಎದುರು ಬರ್ತಾನೇ ಇಲ್ಲ ಅಂದ್ರೆ ಆ ದಾರೀನೇ ಬೇಡ." ಒಮ್ಮೆ ಹೀಗೆ ಸಗಣಿಯನ್ನು ನಂಬಿಕೊಂಡು ಗುಡಿ ಬಿಟ್ಟು ಹೊಸಕೆರೆಹಳ್ಳಿ ಕೆರೆಯ ಏರಿಗೆ ಹೋಗಿ ನಿಂತೆವು. ನಾವು ಮುಖ ಸಪ್ಪಗೆ ಮಾಡಿದೆವು. ಅತ್ತೆ ಸೆರಗಿನ ಗಂಟು ಬಿಚ್ಚಿ, ದೇವರಿಗೆಂದು ತಂದಿದ್ದ ಬಾಳೆಹಣ್ಣನ್ನು ನಮಗೇ ಹಂಚಿ, "ಇವತ್ತು ದೇವರು ಇಲ್ಲೇ ಸಿಕ್ಕಿದ ಅಂದ್ಕೊಳ್ಳಿ," ಎಂದರು. ಕೆರೆಯಲ್ಲಿ ಕಾಲಾಡಿಸಿ, ಎಮ್ಮೆ ತೊಳೆಯುತ್ತಿದ್ದವರ ಜೊತೆ ಹರಟೆ ಹೊಡೆದು ಬಂದೆವು. ಮನೆಯಲ್ಲಿ ಪ್ರಸಾದ ಕೇಳಿದ ಅಮ್ಮನಿಗೆ ಏನು ಹೇಳಬೇಕೆಂದು ತಿಳಿಯದೆ ನಾನು ಒದ್ದಾಡಿದ್ದು ಬೇರೆ ಮಾತು.

ಅವರು ಹೇಳುತ್ತಿದ್ದ ಇನ್ನೊಂದು ಮಾತು ಹೊಟ್ಟೆಯದು. "ತಲೆ ಬೇಕಾದ್ದು ಹೇಳುತ್ತೆ ಕಣೋ, ಅದು ಓದಿರೋದು. ಹೊಕ್ಕುಳ ಹತ್ರ ತಣ್ಣಗಾಯ್ತು ಅಂದ್ರೆ ನಿಂತ್ಕೋ. ಕೂತು ನೀರು ಕುಡಿ. ಆಮೇಲೂ ತಣ್ಣಗೇ ಇದ್ರೆ ವಾಪಸ್ ತಿರುಗು. ಅದರಲ್ಲಿ ಅವಮಾನ ಏನಿಲ್ಲ."

ಅರವತ್ತರ ದಶಕದ ನಡುವೆ ನನಗೆ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ಸಿಕ್ಕಿತು. ಅಲ್ಲೇ ಕೆಲಸಕ್ಕಿದ್ದ ಹೊಸಕೆರೆಹಳ್ಳಿಯ ಗೆಳೆಯನೊಬ್ಬನಿಗೆ ಹಿಮಾಲಯದ ಹುಚ್ಚು. ರಾಗಿ ಬೆಳೆಯುವ ಮನೆಯ ಹುಡುಗ, ಹಿಮವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಇನ್ನೆಲ್ಲೂ ಕಂಡವನಲ್ಲ. "ನೇಪಾಳಕ್ಕೆ ಹೋಗೋಣ ಗುರು. ಕಠ್ಮಂಡುವಿನಿಂದ ಪೋಖರಾಕ್ಕೆ ನಡ್ಕೊಂಡೇ ಹೋಗ್ಬೇಕಂತೆ, ರಸ್ತೇನೇ ಇಲ್ವಂತೆ," ಎಂದು ಆರು ತಿಂಗಳು ಕಾಡಿದ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎಷ್ಟು ಮೈಲಿ, ಎಲ್ಲಿ ಊಟ, ಎಲ್ಲಿ ನಿದ್ದೆ ಎಂದು ಗೆರೆ ಎಳೆದು ಬರೆದಿದ್ದ. ನಾನು ಬರೆಯುವ ಡ್ರಾಯಿಂಗಿಗಿಂತ ಅದು ಅಚ್ಚುಕಟ್ಟಾಗಿತ್ತು. ಕೊನೆಗೆ ನಾನೂ ಒಪ್ಪಿದೆ. ಬೆನ್ನಿಗೆ ಹಾಕುವ ಚೀಲ ಎರಡು ಬೇಕೆಂದು ಅತ್ತೆಯನ್ನು ಕೇಳಿದೆ.

ಖಾಕಿ ಕ್ಯಾನ್ವಾಸು ತಂದುಕೊಟ್ಟೆ. ಒಂದು ಭಾನುವಾರ ಮಧ್ಯಾಹ್ನ ಅವರು ಪಟ್ಟಿಗಳನ್ನು ನಾಲ್ಕು ಮಡಿಕೆ ಮಾಡಿ ಹೊಲಿಯುತ್ತಿದ್ದರು. "ಎರಡೂ ಕೈ ಖಾಲಿ ಇರ್ಬೇಕು," ಎಂದರು. ನಾನು ಗೆಳೆಯನ ನೋಟ್‌ಬುಕ್ಕನ್ನು ತೋರಿಸಿದೆ. ಪುಟ ತಿರುವಿ ನೋಡಿ ಮುಚ್ಚಿಟ್ಟರು. "ಹಠಮಾರಿನಾ ಹುಡುಗ?" ಎಂದು ಕೇಳಿದರು. ಹೌದು ಎಂದೆ. ಪೆಡಲ್ ನಿಂತಿತು.

ಆ ದಿನ ಅವರು ಯಾರಿಗೂ ಹೇಳದಿದ್ದದ್ದನ್ನು ಹೇಳಿದರು. ನಡೆಯಲು ಶುರುಮಾಡಿ ಮೂರು ವಾರವಾಗಿತ್ತಂತೆ. ಗಂಡನ ಬಳಿ ಒಂದು ತಗಡಿನ ಟ್ರಂಕು. ಅದರಲ್ಲಿ ಅವರ ಸರ್ಟಿಫಿಕೇಟುಗಳು, ನೌಕರಿಯ ಕಾಗದಗಳು. ಅದಿಲ್ಲದೆ ಮೈಸೂರು ಸೀಮೆಯಲ್ಲಿ ಯಾರು ಕೆಲಸ ಕೊಡುತ್ತಾರೆ ಎಂದು ಅದನ್ನು ಬಿಡುತ್ತಿರಲಿಲ್ಲ. ಒಂದು ಕಡೆ ದಾರಿ ಕವಲೊಡೆಯಿತು. ಒಂದು ಅಗಲವಾದ ಗಾಡಿದಾರಿ, ಇನ್ನೊಂದು ಬೆಟ್ಟ ಹತ್ತುವ ಕಾಲುದಾರಿ. ಎರಡೂ ಮುಂದೆ ಒಂದೇ ಕ್ಯಾಂಪಿಗೆ ಸೇರುತ್ತವೆ ಎಂದು ಯಾರೋ ಹೇಳಿದರು. ಕಾಲುದಾರಿಯಲ್ಲಿ ಬೆಟ್ಟದ ಹೆಂಗಸರು ಬುಟ್ಟಿ ಹೊತ್ತು ಎದುರು ಬರುತ್ತಿದ್ದರು. ಗಾಡಿದಾರಿಯಲ್ಲಿ ಬೆಳಗಿನಿಂದ ಒಂದು ನಾಯಿಯೂ ಎದುರು ಬಂದಿರಲಿಲ್ಲ.

"ಗಾಡಿಯೋನೊಬ್ಬ ಟ್ರಂಕು ಹಾಕ್ಕೋತೀನಿ ಅಂದ. ಇವರು, ನೀನು ಹೆಂಗಸರ ಜೊತೆ ಗುಡ್ಡ ಹತ್ತು, ಸಾಯಂಕಾಲ ಸಿಗ್ತೀನಿ ಅಂತ ಹೊರಟೇಬಿಟ್ರು. ನನಗೆ ಹೊಕ್ಕುಳ ಹತ್ರ ತಣ್ಣಗಾಯ್ತು. ಕರೆಯೋಣ ಅಂತ ಬಾಯಿ ತೆಗೆದೆ. ಪಕ್ಕದಲ್ಲಿ ನಮ್ಮ ಕಡೆಯ ಅಜ್ಜಿ ಒಬ್ಬಳಿದ್ಲು, ಹೊರಟೋರನ್ನ ಹಿಂದಿನಿಂದ ಕರೀಬೇಡ ತಾಯಿ ಅಂದ್ಲು. ಅವಳನ್ಯಾಕೆ ಅನ್ಲಿ? ನಮ್ಮಮ್ಮನೂ ಅದನ್ನೇ ಹೇಳ್ಕೊಟ್ಟಿದ್ಲು. ಅವರಿಗೆ ಕೆಟ್ಟದಾಗಬಾರದು ಅಂತಾನೇ ಬಾಯಿ ಮುಚ್ಕೊಂಡೆ ಕಣೋ."

ಕ್ಯಾಂಪಿನಲ್ಲಿ ನಾಲ್ಕು ದಿನ ಕಾದರು. ಗಾಡಿದಾರಿಯಿಂದ ಯಾರೂ ಬರಲಿಲ್ಲ. ಕಾಲರಾ ಶುರುವಾಗಿ ಕ್ಯಾಂಪು ಎಬ್ಬಿಸಿದರು. ಮುಂದಕ್ಕೆ ನಡೆದರು. ಉಗುರು ಹೋದದ್ದು ಆಮೇಲೆ.

"ಕರೆದಿದ್ರೂ ತಿರುಗ್ತಿರ್ಲಿಲ್ಲ ಬಿಡು," ಎಂದು ಮತ್ತೆ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದರು. "ಮಹಾ ಹಠಮಾರಿ. ಹೊರಟ್ರೆ ಹೊರಟ್ರು. ಇಪ್ಪತ್ತು ವರ್ಷದ ಮೇಲಾಯ್ತು, ಇದೊಂದನ್ನೇ ಹೇಳ್ಕೊಂಡು ನಾನು ಊಟ ಮಾಡ್ತಿದೀನಿ."

ಅವರು ಬೀದಿಯವರನ್ನೆಲ್ಲ ಯಾಕೆ ಕರೆಯುತ್ತಿದ್ದರೆಂದು ಆಗ ತಿಳಿಯಿತು. ಹೊರಟವರು ತಿರುಗುತ್ತಾರೋ ಇಲ್ಲವೋ, ಅವರಿಗೆ ಬೇಕಾಗಿದ್ದದ್ದು ಅಷ್ಟೇ. ತಿರುಗದೆ ಹೋದ ಒಬ್ಬೊಬ್ಬನೂ ಅವರಿಗೆ ಒಂದು ದಿನದ ಸಮಾಧಾನ ಕೊಟ್ಟು ಹೋಗುತ್ತಿದ್ದ.

ನಾವು ಹೊರಟ ಬೆಳಿಗ್ಗೆ ಅಮ್ಮ ಮೊಸರು ಸಕ್ಕರೆ ಕೊಟ್ಟಳು. ಗೆಳೆಯ ಗೇಟಿನ ಹೊರಗೆ ಗಡಿಯಾರ ನೋಡಿಕೊಳ್ಳುತ್ತಿದ್ದ. ಹತ್ತು ಹೆಜ್ಜೆ ಹೋಗಿದ್ದೆವು. "ಏಯ್, ನಿಲ್ಲೋ," ಎಂದು ಹಿಂದಿನಿಂದ ಅತ್ತೆಯ ದನಿ. ಗೆಳೆಯ ನಡೆದೇ ಹೋದ. ನಾನು ತಿರುಗಿದೆ. ಅಮ್ಮನ ಮುಖ ನೋಡುವಂತಿರಲಿಲ್ಲ. ಅತ್ತೆ ಕಾಂಪೌಂಡಿನ ಪಕ್ಕ ಬರಿಗೈಯಲ್ಲಿ ನಿಂತಿದ್ದರು. "ಏನಿಲ್ಲ. ನೀನು ತಿರುಗೋನೇ. ಅವನು ತಿರುಗ್ಲಿಲ್ಲ ನೋಡು," ಎಂದು ನಕ್ಕರು. ಅಷ್ಟು ನೆಮ್ಮದಿಯ ನಗುವನ್ನು ನಾನು ಅವರ ಮುಖದಲ್ಲಿ ಕಂಡಿರಲಿಲ್ಲ. ಅಮ್ಮ ಆಮೇಲೆ ಒಂದೂವರೆ ತಿಂಗಳು ಅವರ ಜೊತೆ ಮಾತು ಬಿಟ್ಟಳು.

ಕಠ್ಮಂಡುವಿನಿಂದ ಹೊರಟ ಎರಡೇ ದಿನಕ್ಕೆ ನೋಟ್‌ಬುಕ್ಕು ಸೋತಿತು. ನಾಲ್ಕು ಮೈಲಿ ಎಂದು ಬರೆದದ್ದು ಇಡೀ ದಿನ ಹಿಡಿಯಿತು. ಊಟ ಸಿಗುತ್ತದೆಂದ ಊರಿನಲ್ಲಿ ಸುಟ್ಟ ಜೋಳದ ತೆನೆ ಬಿಟ್ಟರೆ ಏನಿಲ್ಲ. ನಮ್ಮ ಹಿಂದಿ ಅವರಿಗೆ ತಿಳಿಯದು, ಅವರ ಮಾತು ನಮಗೆ ತಿಳಿಯದು. ಮಕ್ಕಳಿರುವ ಮನೆಯಲ್ಲಿ ಅನ್ನ ಇದ್ದೇ ಇರುತ್ತೆ ಎಂದು ಅತ್ತೆ ಹೇಳಿ ಕಳಿಸಿದ್ದರು, ನಾನು ಮಕ್ಕಳು ಆಡುತ್ತಿದ್ದ ಜಗಲಿಗಳನ್ನು ಹುಡುಕಿ ಕೂರುತ್ತಿದ್ದೆ. ಯಾರಾದರೂ ಅಜ್ಜಿ ಬೈಯುತ್ತಲೇ ಅನ್ನ ಹಾಕುತ್ತಿದ್ದಳು. ಗೆಳೆಯನಿಗೆ ಸಿಟ್ಟು. "ಹಿಂಗೇ ಎಲ್ಲಿ ಬೇಕಾದ್ರಲ್ಲಿ ಕೂತ್ರೆ ದೀಪಾವಳಿಗೆ ಪೋಖರಾ ಸೇರ್ತೀವಿ ಅಷ್ಟೆ," ಎನ್ನುತ್ತಿದ್ದ.

ಐದನೆಯ ದಿನ ಕವಲು ಬಂತು. ಎಡಕ್ಕೆ ನದಿಯ ದಂಡೆಗೆ ಇಳಿಯುವ ನೇರ ದಾರಿ, ನೋಟ್‌ಬುಕ್ಕಿನಲ್ಲಿ ಇದ್ದದ್ದು ಅದೇ. ಬಲಕ್ಕೆ ಒಂದು ಹಳ್ಳಿಯ ಕಡೆ ಏರುವ ದಾರಿ. ಎಡದ ದಾರಿಯಲ್ಲಿ ಹುಲ್ಲನ್ನು ಯಾರೂ ತುಳಿದಿರಲಿಲ್ಲ. ಹೇಸರಗತ್ತೆಗಳ ಲದ್ದಿ ಒಣಗಿ ಪುಡಿಯಾಗಿತ್ತು. ನನಗೆ ಹೊಕ್ಕುಳ ಹತ್ತಿರ ನಿಜವಾಗಿಯೂ ತಣ್ಣಗಾಯಿತು. ಕೂತು ನೀರು ಕುಡಿದೆ. ಆ ತಣುಪು ಹೋಗಲಿಲ್ಲ. ಗೆಳೆಯ ಅಷ್ಟರಲ್ಲಿ ಒಂದು ಫರ್ಲಾಂಗು ಇಳಿದುಬಿಟ್ಟಿದ್ದ. ಅವನ ಬೆನ್ನ ಮೇಲೆ ಅತ್ತೆ ಹೊಲಿದ ಖಾಕಿ ಚೀಲ ಸಣ್ಣದಾಗುತ್ತಿತ್ತು. ಹೆಸರು ಹಿಡಿದು ಒಂದೇ ಸಲ ಕೂಗಿದೆ.

ಅವನು ತಿರುಗಿದ. ಬೈದುಕೊಂಡೇ ಮೇಲೆ ಹತ್ತಿ ಬಂದ. ಇಬ್ಬರೂ ಬಲದ ಹಳ್ಳಿಗೆ ಹೋದೆವು. ಎರಡು ದಿನ ಮಳೆ ಹಿಡಿದುಕೊಂಡಿತು, ಒಂದು ದನದ ಕೊಟ್ಟಿಗೆಯಲ್ಲಿ ಮಲಗಿದೆವು. ರಜೆ ತೀರುತ್ತಾ ಬಂದು ಪೋಖರಾ ಸೇರದೆಯೇ ವಾಪಸಾದೆವು. ಆ ಕೆಳಗಿನ ದಾರಿಯಲ್ಲಿ ಏನಿತ್ತೋ ನಮಗೆ ಕೊನೆಗೂ ತಿಳಿಯಲಿಲ್ಲ. ಹಳ್ಳಿಯವರು ಕೈ ಬೀಸಿ ಏನೋ ಹೇಳಿದರು. ಸೇತುವೆ ಇಲ್ಲ ಎಂದರೋ, ಸೇತುವೆ ಚೆನ್ನಾಗಿದೆ ಎಂದರೋ ದೇವರೇ ಬಲ್ಲ. ಗೆಳೆಯ ಈಗಲೂ, ಮೊಮ್ಮಕ್ಕಳ ಮುಂದೆ, ನನ್ನ ಒಂದು ಕೂಗಿನಿಂದ ತಾನು ಹಿಮಾಲಯ ಹತ್ತಿರದಿಂದ ನೋಡುವುದು ತಪ್ಪಿತೆಂದು ಹಂಗಿಸುತ್ತಾನೆ. ಹಂಗಿಸಲು ಅವನು ಇದ್ದಾನಲ್ಲ, ನನಗೆ ಅಷ್ಟು ಸಾಕು.

ಊರಿಗೆ ಬಂದವನೇ ಸ್ನಾನ ಕೂಡ ಮಾಡದೆ ಔಟ್‌ಹೌಸಿಗೆ ಓಡಿದೆ. ಅತ್ತೆಗೆ ಏನೋ ಉಡುಗೊರೆ ತಂದವನ ಹಾಗೆ ಈ ಕಥೆಯನ್ನು ಹೇಳಿದೆ. ಅಷ್ಟು ಓದಿದವನಿಗೆ ಅಷ್ಟೂ ಹೊಳೆಯಲಿಲ್ಲವೇ ಎಂದು ನನ್ನನ್ನು ನಾನು ಎಷ್ಟು ಸಲ ಶಪಿಸಿಕೊಂಡಿದ್ದೇನೋ.

ಅವರು ಕೈಯಲ್ಲಿದ್ದ ಬಟ್ಟೆಯನ್ನು ಬಿಡದೆ ಕೇಳಿಸಿಕೊಂಡರು. "ಎಷ್ಟು ದೂರ ಹೋಗಿದ್ದ?"

"ಒಂದು ಫರ್ಲಾಂಗು."

"ಎಷ್ಟು ಸಲ ಕರೆದೆ?"

"ಒಂದೇ ಸಲ."

"ಇಲ್ಲಿಂದ ಹೊರಡುವಾಗ ನಾನು ಕರೆದ್ರೆ ತಿರುಗ್ಲಿಲ್ವಲ್ಲ ಅವನು?"

"ನೀವು ಕರೆದದ್ದು ನನ್ನನ್ನ ಅಂದ್ಕೊಂಡ್ನಂತೆ ಅತ್ತೆ. ನಾನು ಕರೆದದ್ದು ಅವನನ್ನೇ ಅಲ್ವಾ? ಅಷ್ಟು ಹಠಮಾರಿ, ತಿರುಗ್‌ಬಿಟ್ಟ ನೋಡಿ," ಎಂದು ನಾನು ಇನ್ನೂ ಉತ್ಸಾಹದಲ್ಲೇ ಇದ್ದೆ.

ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಮೆಷಿನ್ನಿನ ಮೇಲಿಟ್ಟರು. ಆಮೇಲೆ, ಯಾವುದೋ ಅಳತೆಯನ್ನು ಒಪ್ಪಿಕೊಂಡವರಂತೆ ತಲೆದೂಗಿ, "ಹಾಗಾದ್ರೆ ಇವರೂ ತಿರುಗ್ತಿದ್ರು," ಎಂದರು.

ಏನೇನೋ ಹೇಳಲು ಹೋದೆ. ಎಲ್ಲರೂ ಒಂದೇ ಥರ ಇರಲ್ಲ ಎಂದೆ, ಅವರಿಗೆ ಕೇಳಿಸುತ್ತಿರಲಿಲ್ಲವೇನೋ ಎಂದೆ. ಅವರು ನನ್ನ ತಲೆ ಸವರಿ, "ನೀನು ಮಾಡಿದ್ದು ಸರಿ. ಹುಡುಗ ಮನೆಗೆ ಬಂದನಲ್ಲ. ಹೋಗು, ಸ್ನಾನ ಮಾಡು," ಎಂದರು.

ಮಾರನೆಯ ವಾರ ನಾನು ಕಾರ್ಖಾನೆಯಿಂದ ಬಂದಾಗ ಔಟ್‌ಹೌಸಿನಲ್ಲಿ ಮೆಷಿನ್ ಓಡುತ್ತಿತ್ತು, ಟಿಕ್ ಟಿಕ್ ಇರಲಿಲ್ಲ. ಹೋಗಿ ನೋಡಿದೆ. ಬೆರಳುಗಳು ಖಾಲಿ. ಹಣೆಯೂ ಖಾಲಿ. ಬೀದಿಯ ಹೆಂಗಸರು ಅಂತೂ ಬುದ್ಧಿ ಬಂತು ಎಂದು ಮಾತಾಡಿಕೊಂಡರು. ಮಾತು ಬಿಟ್ಟಿದ್ದ ಅಮ್ಮ ಮಾತ್ರ ಹಿತ್ತಿಲ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು, ಅಂದೇ ಹೋಗಿ ಮಾತಾಡಿಸಿದಳು. ಅಂದಿನಿಂದ ಅತ್ತೆ ಯಾರನ್ನೂ ಹಿಂದಿನಿಂದ ಕರೆಯಲಿಲ್ಲ. ಬೆಳಿಗ್ಗೆ ನಾನು ಬೇಕೆಂದೇ ನಿಧಾನವಾಗಿ ಗೇಟು ದಾಟುತ್ತಿದ್ದೆ. ಕಾಂಪೌಂಡಿನ ಪಕ್ಕ ಅವರು ನಿಂತಿರುವುದು ಗೊತ್ತಾಗುತ್ತಿತ್ತು. ದನಿ ಬರುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಮಳೆಗಾಲದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟರು. ಹೊದಿಸುವ ಬಟ್ಟೆಗೆ ಹೊಲಿಗೆ ಹಾಕಲು ದಾರ ಹುಡುಕುತ್ತಾ ಅಮ್ಮ ಮೆಷಿನ್ನಿನ ಡ್ರಾಯರ್ ಎಳೆದಳು. ನನ್ನ ಚೀಲ ಹೊಲಿದು ಉಳಿದಿದ್ದ ಖಾಕಿ ತುಂಡೊಂದರಲ್ಲಿ ಸುತ್ತಿ ಕಾಲುಂಗುರಗಳನ್ನು ಇಟ್ಟಿದ್ದರು. ಅಮ್ಮ ಅವನ್ನು ತೆಗೆದು, ಉಗುರಿಲ್ಲದ ಆ ಬೆರಳುಗಳಿಗೆ ಒಂದೊಂದಾಗಿ ಹಾಕಿದಳು. ಹಣೆಗೆ ಅಗಲವಾಗಿ ಕುಂಕುಮ ಇಟ್ಟಳು. ಮೇಷ್ಟ್ರ ಹೆಂಡತಿ, "ಇದೇನ್ರೀ, ಅವರೇ ತೆಗೆದಿಟ್ಟಿದ್ದಲ್ವಾ?" ಎಂದರು.

"ಆತ ಸತ್ತಿದ್ದನ್ನ ನೀವು ನೋಡಿದ್ರಾ?" ಎಂದಳು ಅಮ್ಮ.

ಅವರಿಗೆ ಮಾಡುವವರು ಯಾರೂ ಇಲ್ಲದ್ದರಿಂದ ಚಿತೆಗೆ ಬೆಂಕಿ ಇಟ್ಟವನು ನಾನೇ. ಪುರೋಹಿತರು ನನ್ನ ಭುಜ ಹಿಡಿದು ಆಚೆ ತಿರುಗಿಸಿ, "ಇನ್ನು ಹಿಂದಕ್ಕೆ ನೋಡಕೂಡದು. ನಡಿಯಪ್ಪ," ಎಂದರು. ನಡೆದೆ. ಅಪ್ಪ ಮುಂದಿದ್ದರು, ಗೆಳೆಯ ಪಕ್ಕದಲ್ಲಿದ್ದ. ಹತ್ತು ಹೆಜ್ಜೆ ಹೋಗಿರಬಹುದು, ಹೊಕ್ಕುಳ ಹತ್ತಿರ ತಣ್ಣಗಾಯಿತು. ನಿಂತೆ. ಮಳೆ ಬಿಟ್ಟಿತ್ತು. ಹಸಿ ಸೌದೆಯ ಚಟಪಟ ಬಿಟ್ಟರೆ ಇನ್ನೇನೂ ಕೇಳಿಸುತ್ತಿರಲಿಲ್ಲ.

ನಾನು ತಿರುಗಿದೆ.

"ಏನಪ್ಪಾ ಇದು, ಹೇಳಿರ್ಲಿಲ್ವಾ?" ಎಂದು ಪುರೋಹಿತರು ಗದರಿದರು.

"ಯಾರೋ ಕರೆದ ಹಾಗಾಯ್ತು," ಎಂದೆ.

ಯಾರೂ ಕರೆದಿರಲಿಲ್ಲ. ಅದು ನನಗೂ ಗೊತ್ತಿತ್ತು.